ತಿಂಗಳ ವರದಿಯ ಷರಾ

ಹಳೆಯ ವೈಫೈ ಡಬ್ಬಿಗಳನ್ನು ನಾನೇ ಕೊಂಡಿದ್ದೆ. ಮೂರು ಡಬ್ಬಿ, ಒಂದೊಂದಕ್ಕೆ ಎರಡು ಸಾವಿರದ ನಾನೂರು. ಕೆಟ್ಟಾಗ ಬರುವ ಎಲೆಕ್ಟ್ರಿಷಿಯನ್‌ಗೆ ಸಲಕ್ಕೆ ಐನೂರು, ಅವನು ಬರುವ ತನಕ ಅತಿಥಿಗಳ ಬೈಗುಳ ಪುಕ್ಕಟೆ. ನೆಟ್ ಸರಿಯಿಲ್ಲವೆಂದು ಕೋಣೆ ಖಾಲಿ ಮಾಡಿ ಹೋದವರು ಒಂದೇ ವರ್ಷದಲ್ಲಿ ಇಪ್ಪತ್ತಾರು ಮಂದಿ. ನಮ್ಮಲ್ಲಿ ಒಬ್ಬೊಬ್ಬರು ಸುಮಾರು ನಾಲ್ಕು ದಿನ ಉಳಿಯುತ್ತಾರೆ, ದಿನಕ್ಕೆ ಒಂಬೈನೂರು. ಒಟ್ಟು ತೊಂಬತ್ತಮೂರು ಸಾವಿರದ ಆರುನೂರು ಕೈತಪ್ಪಿತ್ತು. ಡಬ್ಬಿ ನಮ್ಮದು, ತಂತಿ ನಮ್ಮದು, ರಿಪೇರಿ ನಮ್ಮದು, ನೀವು ಏನೂ ಮುಟ್ಟಬೇಡಿ ಎಂದ ಒಂದು ನೆಟ್ ಕಂಪನಿಯವರು ಕೇಳಿದ್ದು ತಿಂಗಳಿಗೆ ಆರು ಸಾವಿರದ ಎಂಟುನೂರು. ವರ್ಷಕ್ಕೆ ಹನ್ನೆರಡು ಸಾವಿರ ನನಗೇ ಉಳಿಯುತ್ತದೆ ಎಂದು ಸಹಿ ಹಾಕಿದೆ.

ನನ್ನದು ಹತ್ತೊಂಬತ್ತು ಕೋಣೆಗಳ ಲಾಡ್ಜು, ದೊಡ್ಡಾಸ್ಪತ್ರೆಯ ಹಿಂದಿನ ಗೇಟಿನ ಎದುರು. ರೋಗಿಗಳು ಅಲ್ಲಿ, ಅವರ ಮನೆಯವರು ನನ್ನಲ್ಲಿ. ಅವರಿಗೆ ಊಟಕ್ಕಿಂತ ಮೊದಲು ಫೋನು ಬೇಕು. ರಿಪೋರ್ಟಿನ ಫೋಟೋ ದೂರದ ಮಗನಿಗೆ ಹೋಗಬೇಕು, ಮನೆಯಲ್ಲಿ ಬಿಟ್ಟುಬಂದ ಮಗು ಶಾಲೆಗೆ ಹೊರಡುವ ಮುಂಚೆ ಅಮ್ಮನ ಮುಖ ನೋಡಬೇಕು.

ಕಂಪನಿಯ ಕಡೆಯಿಂದ ಅವರು ಮೊದಲು ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ, ಹೆಗಲ ಮೇಲೆ ಏಣಿ ಹೊತ್ತು.

"ಪೇಂಟಿಂಗ್ ಮುಂದಿನ ತಿಂಗಳು ಅಂತ ಹೇಳಿದ್ನಲ್ಲ?" ಎಂದೆ, ತಲೆ ಎತ್ತದೆ.

"ಬೇಕಾದ್ರೆ ಆಗಲೂ ಬರ್ತೀನಿ. ಇವತ್ತು ವೈಫೈಗೆ ಬಂದಿದೀನಿ."

ಆಗ ತಲೆ ಎತ್ತಿದೆ. ಐವತ್ತರ ಆಸುಪಾಸು. ಕಿವಿಯ ಹತ್ತಿರ ನರೆ, ಜೇಬಿನಲ್ಲಿ ಗಿಡ್ಡ ಪೆನ್ಸಿಲ್. ತಮಾಷೆ ಮಾಡಿದ್ದಕ್ಕೆ ಅವರಿಗೇ ಸ್ವಲ್ಪ ನಾಚಿಕೆಯಾದಂತಿತ್ತು.

ಕೋಣೆ ಕೋಣೆಗೂ ಹೋಗಿ ಸಿಗ್ನಲ್ ಅಳೆದರು. ನಾನು ಬೀಗದ ಕೈ ಗೊಂಚಲು ಹಿಡಿದು ಹಿಂದೆ.

"ಜನ ಫೋನ್ ಹಿಡ್ಕೊಂಡು ಎಲ್ಲಿ ಕೂರ್ತಾರೆ?"

"ಕೋಣೇಲಿ."

"ಕೋಣೇಲಿ ಎಲ್ಲಿ?"

ಯೋಚಿಸಿದೆ. "ಮಂಚದ ತುದೀಲಿ, ಬಾಗಿಲ ಕಡೆ ಮುಖ ಮಾಡಿ. ಆಸ್ಪತ್ರೆಯಿಂದ ಕರೆದ್ರೆ ಎದ್ದು ಓಡ್ಬೇಕಲ್ಲ. ಅಳೋದಿದ್ರೆ ಮಾತ್ರ ಮೆಟ್ಟಿಲ ತಿರುವಿಗೆ ಬರ್ತಾರೆ."

ಪೆನ್ಸಿಲ್ ನಿಂತಿತು. "ಹಾಗಾದ್ರೆ ಅಲ್ಲೊಂದು ಡಬ್ಬಿ ಬೇಕು. ಅಳೋವಾಗ ಲೈನ್ ಕಟ್ ಆಗಬಾರದು." ಬರೆದುಕೊಂಡರು. ಆಮೇಲೆ ಕೇಳಿದರು, "ನೀವೆಲ್ಲಿ ಕೂರ್ತೀರಿ?"

ನನ್ನ ಗಂಡ ಹೋಗಿ ಒಂಬತ್ತು ವರ್ಷ. ಅಷ್ಟು ದಿನಗಳಲ್ಲಿ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಯಾವಾಗ ಬಂದರೂ ಅಲ್ಲೇ ಸಿಗುತ್ತೇನೆ.

"ಆಫೀಸಲ್ಲಿ."

"ದಿನವಿಡೀ?"

"ಮತ್ತೆಲ್ಲಿ ಕೂರ್ಲಿ?"

ಅವರು ಆಫೀಸಿಗೆ ಇಳಿದು ಬಂದರು. ನನ್ನ ಮೇಜು, ಸರಿಯಾಗಿ ಮುಚ್ಚದ ಕಿಟಕಿ, ಒಂದೇ ಒಂದು ಟೀ ಲೋಟ ಇವನ್ನೆಲ್ಲ ನೋಡಿ ನನ್ನನ್ನೂ ಒಮ್ಮೆ ನೋಡಿದರು. ಅಳತೆ ಮಾಡುವವರ ನೋಟ ಅಲ್ಲ ಅದು. ನಾನು ಬೀಗದ ಕೈ ಎಣಿಸತೊಡಗಿದೆ.

ಎರಡು ದಿನ ಕೆಲಸ ನಡೆಯಿತು. ನಾನು ಏಣಿ ಹಿಡಿದೆ. ನನ್ನ ನಾದಿನಿ ಎರಡು ಬೀದಿ ಆಚೆ ಗಂಡ ಮಕ್ಕಳೊಂದಿಗಿದ್ದಾಳೆ, ದಿನವೂ ಬಂದು ಹಾಸಿಗೆ ಬಟ್ಟೆಯ ಉಸ್ತುವಾರಿ ನೋಡುತ್ತಾಳೆ. ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿದಳು.

"ಅತ್ತಿಗೆ, ಏಣಿ ಹಿಡಿಯೋಕೆ ಕೆಲಸದವರಿಬ್ಬರಿದಾರೆ."

"ಅವರು ಬಟ್ಟೆ ಒಗೀತಿದಾರೆ."

"ಒಗೀತಿರೋದು ವಾಷಿಂಗ್ ಮಷಿನ್ನು. ಅವರು ಅದನ್ನ ನೋಡ್ತಿದಾರೆ."

ಅಂದಿನಿಂದ ಅವಳ ಬಾಯಲ್ಲಿ ಅವರು 'ಏಣಿ ಸಾಹೇಬರು'.

ಕಂಪನಿಯವರ ಕೆಲಸದಲ್ಲಿ ಒಂದು ಮಾತು ತೆಗೆಯುವ ಹಾಗಿರಲಿಲ್ಲ. ಅತಿಥಿಗಳಿಗೇ ಒಂದು ಲೈನು, ನನ್ನ ಬಿಲ್ಲಿನ ಕಂಪ್ಯೂಟರಿಗೂ ಕಾರ್ಡ್ ಮಷಿನ್ನಿಗೂ ಬೇರೆ ಲೈನು. ಯಾರು ಏನು ನೋಡುತ್ತಾರೆ ಎಂಬುದು ಅವರಿಗೆ ಕಾಣುವುದಿಲ್ಲ, ಯಾವ ಡಬ್ಬಿಯಲ್ಲಿ ಎಷ್ಟು ಜನ ಎಂಬುದಷ್ಟೇ ಕಾಣುತ್ತದೆ. ಡಬ್ಬಿ ಕೆಟ್ಟರೆ ನನಗಿಂತ ಮುಂಚೆ ಅವರಿಗೆ ಗೊತ್ತು, ಅವರ ಆಫೀಸಿನಿಂದಲೇ ಸರಿಮಾಡುತ್ತಾರೆ. ಅವರು ಬಂದ ಮೇಲೆ ನೆಟ್ ಇಲ್ಲವೆಂದು ಒಬ್ಬರೂ ಕೋಣೆ ಬಿಡಲಿಲ್ಲ.

ಆದರೆ ನಾನು ಲೆಕ್ಕಕ್ಕೆ ಹಿಡಿಯದ ಒಂದು ಬಾಬ್ತು ಉಳಿದಿತ್ತು. ಮೊದಲು ಸಿಗ್ನಲ್ ಗಟ್ಟಿಯಾಗಿ ಸಿಗುತ್ತಿದ್ದದ್ದು ನನ್ನ ಮೇಜಿನ ಹತ್ತಿರ ಮಾತ್ರ. ಕೋಣೆಯಲ್ಲಿ ಲೈನ್ ಕಟ್ ಆದವರೆಲ್ಲ ಕೆಳಗಿಳಿದು ಬಂದು ಬೆಂಚಿನಲ್ಲಿ ಕೂತು ಮನೆಯವರೊಂದಿಗೆ ಮಾತಾಡಿ, ಅದು ಮುಗಿದ ಮೇಲೆ ನನ್ನೊಂದಿಗೂ ನಾಲ್ಕು ಮಾತಾಡಿ ಹೋಗುತ್ತಿದ್ದರು. ಈಗ ಎಲ್ಲರೂ ಕೋಣೆಯಲ್ಲೇ. ಸಂಜೆ ಆರಕ್ಕೆ ದೀಪ ಹಾಕಲು ಹೋದರೆ ಮುಚ್ಚಿದ ಪ್ರತಿ ಬಾಗಿಲ ಹಿಂದೆ ದನಿ. "ಅಪ್ಪ ಕಣ್ಣು ಬಿಟ್ರು ಕಣೋ." "ಹೋಮ್‌ವರ್ಕ್ ಆಯ್ತಾ?" "ಅಳಬೇಡ, ನಾಳೆ ಬರ್ತೀನಿ." ನಾನು ದೀಪ ಹಾಕಿ, ಚಪ್ಪಲಿ ಸದ್ದು ಮಾಡದೆ ಕೆಳಗಿಳಿದು ಬಂದು, ಖಾಲಿ ಬೆಂಚಿನ ಎದುರು ಕೂರುತ್ತಿದ್ದೆ.

ತಿಂಗಳ ಒಂದನೇ ತಾರೀಖು ಕಂಪನಿಯಿಂದ ವರದಿ ಬರುತ್ತಿತ್ತು, ನಾಲ್ಕು ಪುಟ. ಎಷ್ಟು ಜನ, ಯಾವ ಹೊತ್ತು, ಏನು ಕೆಟ್ಟಿತು, ಯಾವಾಗ ಸರಿಹೋಯಿತು. ಕೊನೆಯಲ್ಲಿ 'ಷರಾ' ಎಂದು ಒಂದು ಸಾಲು ಜಾಗ. ಸೋಪಿನ ಹೊದಿಕೆಯನ್ನೂ ಪೂರ್ತಿ ಓದದೆ ಎಸೆಯುವವಳಲ್ಲ ನಾನು. ಮೊದಲ ವರದಿಯಲ್ಲೇ ತಪ್ಪು ಸಿಕ್ಕಿತು. ಒಂಬತ್ತನೇ ತಾರೀಖು ಮೂರನೇ ಮಹಡಿಯಲ್ಲಿ ಹದಿನಾಲ್ಕು ಜನ ಎಂದಿತ್ತು. ಇದ್ದವರು ಹನ್ನೊಂದು. ತಿದ್ದಿ ವಾಪಸು ಕಳಿಸಿದೆ.

ಮಾರನೇ ದಿನವೇ ಏಣಿ ಸಾಹೇಬರ ಫೋನು. "ಮೇಡಂ, ವರದಿ ಓದಿದ್ರಾ?"

"ದುಡ್ಡು ಕೊಟ್ಟಿದೀನಲ್ಲ, ಓದದೆ?"

ಆ ಕಡೆಯಿಂದ ಒಂದು ಸಣ್ಣ ನಗು. "ತಪ್ಪು ನಮ್ದೇ."

ಎರಡನೇ ತಿಂಗಳಿನಿಂದ ಷರಾದಲ್ಲಿ ಏನಾದರೂ ಬರೆದಿರುತ್ತಿತ್ತು. 'ಆಫೀಸ್ ಕೋಣೆಗೆ ಭಾನುವಾರವೂ ಬಿಡುವಿಲ್ಲ. ಮಾಲೀಕರು ವಾರಕ್ಕೊಮ್ಮೆ ಹೊರಗೆ ಹೋಗಿಬರುವುದು ಒಳ್ಳೆಯದು.' ನಾಲ್ಕನೇ ತಿಂಗಳು, 'ಚಳಿ ಹೆಚ್ಚಿದೆ. ಆಫೀಸಿನ ಕಿಟಕಿಯನ್ನು ಬಡಗಿಗೆ ತೋರಿಸಿ.'

ನಾದಿನಿ ಭುಜದ ಮೇಲಿಂದ ಬಗ್ಗಿ ಓದಿದಳು. "ನೆಟ್ ಕಂಪನಿಗೆ ನಿಮ್ಮ ನೆಗಡಿ ಚಿಂತೆ ಯಾಕೆ?"

"ಎಲ್ಲರಿಗೂ ಬರೀತಾರೆ. ಸರ್ವೇ ಮಾಡುವಾಗ ಕಿಟಕಿ ಬಾಗಿಲು ಎಲ್ಲ ಗುರುತು ಹಾಕ್ಕೊಂಡಿರ್ತಾರೆ, ಕಂಪ್ಯೂಟರ್ ತಾನೇ ಸೇರಿಸುತ್ತೆ. ಬ್ಯಾಂಕಿನವರು ನನ್ನ ಹುಟ್ಟುಹಬ್ಬಕ್ಕೆ ಹಾರೈಸಲ್ವಾ? ಪ್ರೀತಿಯಿಂದಾನಾ?"

"ಬ್ಯಾಂಕಿನವರು ಏಣಿ ತಗೊಂಡು ಬಂದಿರ್ಲಿಲ್ಲ ಅತ್ತಿಗೆ."

ಬಡಗಿಯನ್ನು ಕರೆಸಿ ಕಿಟಕಿ ಸರಿಮಾಡಿಸಿದೆ. ಉತ್ತರ ಬರೆಯಲಿಲ್ಲ. ಇಪ್ಪತ್ತು ವರ್ಷ ವ್ಯಾಪಾರ ಮಾಡಿದವಳು ನಾನು; ಅಚ್ಚಾಗಿ ಬಂದ ಒಳ್ಳೆಯ ಮಾತು ಊರಿಗೆಲ್ಲ ಒಂದೇ ಎಂದು ಕಲಿತಿದ್ದೆ. ಆದರೂ ಒಂದನೇ ತಾರೀಖು ಬಂತೆಂದರೆ ನಾಲ್ಕನೇ ಪುಟವನ್ನು ಮೊದಲು ತೆರೆಯುತ್ತಿದ್ದೆ. ಯಾಕೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಏಳನೇ ತಿಂಗಳು ಹೀಗಿತ್ತು: 'ನದಿ ಪಕ್ಕದ ಪಾರ್ಕಿನಲ್ಲಿ ಹೂ ಬಿಟ್ಟಿವೆ. ಶನಿವಾರ ಸಂಜೆ ಐದು ಗಂಟೆ, ಬೆಂಚುಗಳಿರುವ ಕಡೆ, ನೋಡಲು ಚೆನ್ನ.'

ಅತಿಥಿಗಳಿಗಾಗಿ ಕೊಟ್ಟ ಸಲಹೆ ಎಂದುಕೊಂಡೆ. ಹನ್ನೆರಡನೇ ನಂಬರಿನಲ್ಲಿ ಒಬ್ಬ ವಯಸ್ಸಾದ ಯಜಮಾನರೂ ಅವರ ಹೆಂಡತಿಯೂ ಇದ್ದರು. ಮಗಳು ಐಸಿಯುನಲ್ಲಿ. ಹನ್ನೊಂದು ದಿನದಿಂದ ಕೋಣೆ, ಆಸ್ಪತ್ರೆ ಬಿಟ್ಟು ಬೇರೇನೂ ನೋಡಿರಲಿಲ್ಲ. ಹೋಗಿ ಬನ್ನಿ, ಮನಸ್ಸು ಹಗುರಾಗುತ್ತೆ ಎಂದು ನಾನೇ ಆಟೋ ಕರೆಸಿ ಕಳಿಸಿದೆ.

ಎಂಟನೇ ತಿಂಗಳಿನಿಂದ ಷರಾದಲ್ಲಿ ಎರಡೇ ಪದ. 'ಎಲ್ಲ ಸರಿಯಿದೆ.'

ಆ ಎರಡು ಪದ ಓದಿ, ಇನ್ನೇನಾದರೂ ಇದೆಯೇ ಎಂದು ನಾಲ್ಕೂ ಪುಟ ಮತ್ತೆ ನೋಡಿದೆ. ಯಾರೋ ಎದ್ದು ಹೋದ ಹಾಗಿತ್ತು. ಆಮೇಲೆ ಕಂಪನಿಯ ಕಂಪ್ಯೂಟರ್ ಬದಲಾಗಿರಬೇಕು ಎಂದು ಸಮಾಧಾನ ಹೇಳಿಕೊಂಡೆ.

ಹನ್ನೊಂದನೇ ತಿಂಗಳಲ್ಲಿ ಇನ್ನೊಂದು ಕಂಪನಿ ಬಂದು ಇದೇ ಕೆಲಸಕ್ಕೆ ನಾಲ್ಕು ಸಾವಿರದ ಒಂಬೈನೂರು ಸಾಕು ಎಂದಿತು. ನಾನು ಎರಡು ಸಲ ಯೋಚಿಸುವವಳಲ್ಲ. ಹಳಬರಿಗೆ ಒಂದು ತಿಂಗಳ ನೋಟಿಸ್ ಕಳಿಸಿದೆ, ಹೊಸಬರ ಕಾಗದಕ್ಕೆ ಸಹಿ ಹಾಕಿದೆ.

ಡಬ್ಬಿಗಳು ಕಂಪನಿಯವು, ಬಿಚ್ಚಿಕೊಂಡು ಹೋಗಲು ಶುಕ್ರವಾರ ಬರುವುದೆಂದಾಗಿತ್ತು. ಗುರುವಾರ ಎದುರಿನ ಸಭಾಭವನದ ಮ್ಯಾನೇಜರಮ್ಮ ಕರೆಸಿದರು. ಅವರದೂ ಅದೇ ಕಂಪನಿ, ಅವರಿಗೂ ಬದಲಾಯಿಸುವ ಯೋಚನೆ. "ನಿಮ್ಮ ವರದಿಗಳನ್ನ ತನ್ನಿ, ಪಕ್ಕ ಪಕ್ಕ ಇಟ್ಟು ನೋಡೋಣ" ಎಂದರು. ಅವರ ಸಭಾಂಗಣದಲ್ಲಿ ಸಮ್ಮೇಳನವೆಂದರೆ ಒಂದೇ ಸಲಕ್ಕೆ ಐನೂರು ಫೋನು, ನನಗಿಂತ ನಾಲ್ಕು ಪಟ್ಟು ದುಡ್ಡು ಕೊಡುವವರು. ಕಂಪ್ಯೂಟರಿನಲ್ಲಿ ಅವರ ವರದಿಗಳು ಬಂದ ಹಾಗೇ ಬಿದ್ದಿದ್ದವು, ಒಂದನ್ನೂ ತೆರೆದಿರಲಿಲ್ಲ. ಒಂದೊಂದಾಗಿ ತೆರೆದೆವು.

ನಾಲ್ಕನೇ ಪುಟ. ಷರಾ ಖಾಲಿ. ಇನ್ನೊಂದು, ಖಾಲಿ. ವರ್ಷಪೂರ್ತಿ ಖಾಲಿ.

"ಇಲ್ಲೇನು ಬರೀತಾರೆ? ನಮಗೆ ಯಾವತ್ತೂ ಏನೂ ಬಂದಿಲ್ಲಪ್ಪ" ಎಂದು ಅವರು ನನ್ನ ಕಾಗದ ಎಳೆದುಕೊಂಡು ಓದಿದರು. ಭಾನುವಾರ, ಕಿಟಕಿ, ಹೂವು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಇದು ನೆಟ್ ಕಂಪನಿಯ ಕಾಗದಾನೇನ್ರೀ?"

ಕಾಗದ ಮಡಚಿ ಎದ್ದೆ. ಸಭಾಭವನದಿಂದ ನನ್ನ ಬಾಗಿಲಿಗೆ ರಸ್ತೆ ದಾಟಿದರೆ ಸಾಕು. ನಾನು ಆ ಕಟ್ಟಡವನ್ನು ಎರಡು ಸುತ್ತು ಹಾಕಿ ಲಾಡ್ಜು ಸೇರಿದೆ.

ಶುಕ್ರವಾರ ಮೂರು ಗಂಟೆಗೆ ಅವರು ಏಣಿಯೊಂದಿಗೆ ಬಂದರು. ತೆಳ್ಳಗಾಗಿದ್ದರು. "ನಮಸ್ಕಾರ ಮೇಡಂ" ಎಂದರೇ ವಿನಾ ತಮಾಷೆಯಿಲ್ಲ. ನಾನು ಏಣಿ ಹಿಡಿದೆ. ಒಂದು, ಎರಡು, ಮೂರು ಡಬ್ಬಿ ಇಳಿದವು. ಮೆಟ್ಟಿಲ ತಿರುವಿನ ಡಬ್ಬಿಗೆ ಬಂದಾಗ ಕೇಳಿಬಿಟ್ಟೆ.

"ಸಭಾಭವನಕ್ಕೆ ನೀವು ಷರಾ ಬರೆಯಲ್ಲ."

ಮೇಲೆ ಸ್ಕ್ರೂಡ್ರೈವರ್ ನಿಂತಿತು. "ಇಲ್ಲ."

"ಮತ್ತೆ ಯಾರಿಗೆ ಬರೀತೀರಿ?"

"ಅರವತ್ತೆರಡು ಕಡೆಯ ಕೆಲಸ ನಂದು ಮೇಡಂ. ಬರೆದಿದ್ದು ಒಂದು ಕಡೆಗೆ."

"ನಾನು ಕಂಪ್ಯೂಟರ್ ಬರೆಯುತ್ತೆ ಅಂದ್ಕೊಂಡೆ."

ಅವರು ಇಳಿಯಲಿಲ್ಲ. ಸೂರನ್ನೇ ನೋಡುತ್ತ ಹೇಳಿದರು. "ಹನ್ನೊಂದು ವರ್ಷದಿಂದ ವರದಿ ಕಳಿಸ್ತಿದೀನಿ. ಒಬ್ಬರೂ ಓದಲ್ಲ. ನೀವು ತಿದ್ದಿ ಕಳಿಸಿದ್ರಿ. ಓದೋರು ಒಬ್ಬರಿದಾರೆ ಅಂತ ಗೊತ್ತಾದ್ಮೇಲೆ ಆ ಜಾಗ ಖಾಲಿ ಬಿಡೋಕೆ ಮನಸ್ಸಾಗಲಿಲ್ಲ."

"ಪಾರ್ಕಿಗೆ..."

"ಹೋಗಿದ್ದೆ. ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು. ಐದು ಗಂಟೆಗೆ ಸರಿಯಾಗಿ ವಯಸ್ಸಾದ ಗಂಡ ಹೆಂಡತಿ ಬಂದು ನನ್ನ ಪಕ್ಕದಲ್ಲೇ ಕೂತರು. ಲಾಡ್ಜಿನಮ್ಮ ಕಳಿಸಿದ್ರು, ದೇವರಂಥೋರು ಅಂದ್ರು." ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡರು. "ಬೇಡ ಅನ್ನೋದನ್ನ ಇಷ್ಟು ಮರ್ಯಾದೆಯಾಗಿ ಯಾರೂ ಹೇಳಿರ್ಲಿಲ್ಲ ಅಂದ್ಕೊಂಡೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಾನೇನೂ ಹೇಳಿ ಕಳಿಸಿರ್ಲಿಲ್ಲ. ಇಳೀರಿ ಕೆಳಗೆ. ತಲೆ ಎತ್ಕೊಂಡು ಇಂಥ ಮಾತು ಆಡೋಕಾಗಲ್ಲ, ಕತ್ತು ನೋಯುತ್ತೆ."

ಇಳಿದು ಬಂದರು. ಅಷ್ಟು ಹತ್ತಿರದಿಂದ ಅವರ ಮುಖವನ್ನು ನೋಡಿರಲಿಲ್ಲ. ರೆಪ್ಪೆಯ ಮೇಲೆ ಸುಣ್ಣದ ಧೂಳು.

"ನಂಗೆ ನಲವತ್ತೇಳು. ಹೀಗೆಲ್ಲ ಮಾತಾಡಿ ಅಭ್ಯಾಸ ಇಲ್ಲ" ಎಂದೆ. "ಒಂದನೇ ತಾರೀಖಿಗೆ ಕಾಯ್ತಿದ್ದೆ. ಎಲ್ಲ ಸರಿಯಿದೆ ಅಂತ ಬಂದಾಗ ಏನೂ ಸರಿ ಅನ್ನಿಸ್ಲಿಲ್ಲ. ನೀವು ನನಗೆ ಬೇಕು. ನಿನ್ನೆ ಗೊತ್ತಾಯ್ತು."

ಅವರು ಏಣಿಯನ್ನು ಹಿಡಿದಿದ್ದರು, ನಾನೂ ಹಿಡಿದಿದ್ದೆ. ಅವರ ಕಿರುಬೆರಳು ನನ್ನ ಕಿರುಬೆರಳಿಗೆ ತಾಗಿತು, ಅಲ್ಲೇ ಉಳಿಯಿತು.

"ನಿಮ್ಮ ನೋಟಿಸ್ ಬಂದ ದಿನ ನಾನು ವರ್ಗ ಕೇಳಿದೆ" ಎಂದರು, ಮೆಲ್ಲಗೆ. "ಸಿಕ್ತು. ಸೋಮವಾರ ಹೊರಡ್ತೀನಿ. ರೈಲಲ್ಲಿ ಆರು ಗಂಟೆ ದೂರ."

"ಬೇಡ ಅನ್ನೋಕಾಗಲ್ವಾ?"

"ನನ್ನ ಜಾಗಕ್ಕೆ ಬರೋರು ಹೆಂಡತಿ ಮಕ್ಕಳ ಸಮೇತ ಆಗಲೇ ಬಂದು ಮನೆ ಹಿಡಿದಿದಾರೆ. ಅವರನ್ನ ಎಲ್ಲಿಗೆ ಕಳಿಸ್ಲಿ?"

ಬೇರೆ ಯಾರೇ ಆಗಿದ್ದರೂ ಚೌಕಾಶಿ ಮಾಡುತ್ತಿದ್ದೆ.

ನಾದಿನಿ ಹಾಸಿಗೆ ಬಟ್ಟೆಯ ಗಂಟು ಹೊತ್ತು ಮೆಟ್ಟಿಲು ಹತ್ತಿ ಬಂದವಳು ನಮ್ಮನ್ನು ನೋಡಿ ಹಾಗೇ ತಿರುಗಿದಳು. "ನಾನು ಲಿಫ್ಟಲ್ಲಿ ಹೋಗ್ತೀನಿ" ಎಂದಳು. ನಮ್ಮಲ್ಲಿ ಲಿಫ್ಟಿಲ್ಲ.

ಉಳಿದ ಡಬ್ಬಿಗಳನ್ನು ಬಿಚ್ಚಿದ್ದು ಸಂಜೆ ಐದರ ಮೇಲೆ. ಅಲ್ಲಿಯವರೆಗೆ ಟೀ ಕುಡಿದೆವು. ಅವರ ತಾಯಿ ಹಾಸಿಗೆ ಹಿಡಿದು ಹದಿನಾಲ್ಕು ವರ್ಷ ಇದ್ದುದರಿಂದ ಮದುವೆಯ ಮಾತು ಮುಂದೆ ಹೋಗುತ್ತಲೇ ಬಂದು ಕೊನೆಗೆ ನಿಂತೇಹೋಯಿತಂತೆ. ನಾನು ನನ್ನದು ಹೇಳಿದೆ. ಇಬ್ಬರ ಕತೆಯೂ ಒಂದೊಂದು ಲೋಟದಲ್ಲಿ ಮುಗಿಯಿತು, ಆಮೇಲೂ ಕೂತಿದ್ದೆವು.

ಸೋಮವಾರ ಅವರು ಹೋದರು. ಹೊಸ ಕಂಪನಿಯ ನೆಟ್ ವಾರಕ್ಕೊಮ್ಮೆ ಕೈಕೊಡುತ್ತದೆ, ಫೋನ್ ಮಾಡಿದರೆ ಮಷಿನ್ ಮಾತಾಡುತ್ತದೆ. ಹೋದ ತಿಂಗಳು ಇಬ್ಬರು ಕೋಣೆ ಬಿಟ್ಟರು. ಏಣಿ ಸಾಹೇಬರಿಗೂ ಫೋನಿನಲ್ಲಿ ಮಾತು ಬಾರದು. ಕೆಲಸದ ವಿಷಯ ಮುಗಿದರೆ ಸುಮ್ಮನಾಗುತ್ತಾರೆ. ತಿಂಗಳ ಮೊದಲ ಶನಿವಾರ ಬೆಳಗಿನ ರೈಲಿಗೆ ಬರುತ್ತಾರೆ, ಭಾನುವಾರ ಸಂಜೆಯ ರೈಲಿಗೆ ಹೋಗುತ್ತಾರೆ. ಆ ಎರಡು ದಿನ ಆಫೀಸಿನಲ್ಲಿ ನಾದಿನಿ ಕೂರುತ್ತಾಳೆ. ಅವರ ನೌಕರಿ ಇನ್ನೂ ಎಂಟು ವರ್ಷ ಇದೆ, ನನಗೆ ಹತ್ತೊಂಬತ್ತು ಕೋಣೆಗಳಿವೆ. ಇದಕ್ಕಿಂತ ಹೆಚ್ಚಿಗೆ ಏನು ಮಾಡಬಹುದು ಎಂದು ಇಬ್ಬರಿಗೂ ಹೊಳೆದಿಲ್ಲ.

ತಿಂಗಳಿಗೆ ಎರಡು ದಿನ ಸಿಕ್ಕಿತು. ಉಳಿದ ಇಪ್ಪತ್ತೆಂಟು ದಿನ ಮೊದಲಿನಂತೆಯೇ ಒಬ್ಬಳೇ ಇದ್ದೇನೆ. ಮೊದಲು ಅದು ಅಭ್ಯಾಸವಾಗಿತ್ತು, ಈಗ ಕಷ್ಟವಾಗುತ್ತದೆ.