ತಂತಿ ತೊಟ್ಟಿಲಿನಿಂದ ಬಿದ್ದ ಕಲ್ಲು

ಎಲಾದಿಯೋ ತನ್ನ ಅಂಗಳದಲ್ಲೇ, ಕಾಫಿ ಒಣಹಾಕುವ ಹಲಗೆಗಳ ಮೇಲೆ, ತಲೆಯೊಡೆದು ಸತ್ತು ಬಿದ್ದಿದ್ದ. ಹಲಗೆಯ ಮೇಲಿನ ಕಾಫಿಬೀಜ ಅಷ್ಟಾಗಿ ಕದಲಿರಲಿಲ್ಲ. ಪಕ್ಕದ ಹಲಗೆಯ ಮೇಲೆ ರಕ್ತ ಅಂಟಿದ ದಪ್ಪ ಕಲ್ಲು. ಬಹಳ ಎತ್ತರದಲ್ಲಿ, ಕಣಿವೆಯ ಈ ದಡದಿಂದ ಆ ದಡಕ್ಕೆ ಜನರನ್ನು ತೊಟ್ಟಿಲಲ್ಲಿ ಕೂರಿಸಿ ಜಾರಿಸುವ ತಂತಿ.

"ನೆರೆಮನೆ ಡೆಲ್ಫೀನಾನೇ," ಎಂದ ಸತ್ತವನ ತಮ್ಮ ಲಿಯೋನಿದಾಸ್. "ಇಲ್ಲಿದ್ದದ್ದು ಅಣ್ಣ, ನಾನು, ಇಬ್ರೇ. ತೊಟ್ಟಿಲು ಸರಿಯಾಗಿ ಅಣ್ಣನ ನೆತ್ತಿ ಮೇಲೆ ಬಂದಾಗ ಕಲ್ಲು ಬಿಟ್ಳು. ನೆಟ್ಟಗೆ ಇಳೀತು. ನಿನ್ನೆ ಹಸು ವಿಷ್ಯಕ್ಕೆ ಅಣ್ಣನ ಜೊತೆ ಜಗಳ ಆಡಿದ್ಳಲ್ಲ, ಕೇಳಿ."

ಆ ಹೊತ್ತಿಗೆ ಡೆಲ್ಫೀನಾ ತಂತಿಯಲ್ಲಿ ಹೋದದ್ದು ನಿಜವೇ. ಮಧ್ಯಾಹ್ನದ ಜೀಪಿನಲ್ಲಿ ಅವಳನ್ನು ಪಟ್ಟಣದ ಜೈಲಿಗೆ ಒಯ್ಯುವುದೆಂದಾಯಿತು. ವಿಧವೆ, ಮೊಲೆಹಾಲು ಬಿಡದ ಮಗು ಬೇರೆ.

ಹೇಸರಗತ್ತೆ ಹೊಡೆಯುವ ಆನ್ಸೆಲ್ಮೋ ಅವಳ ಕೈಗೆ ಕಟ್ಟಿದ್ದ ಹಗ್ಗದ ತುದಿ ಹಿಡಿದು ನಿಂತಿದ್ದ. ಊರಿನ ಇನ್‌ಸ್ಪೆಕ್ಟರ್ ದೋನ್ಯಾ ಒತೀಲಿಯಾಳ ಜೊತೆ ಎಷ್ಟೋ ತನಿಖೆಗೆ ತಿರುಗಿದವನು.

"ಲಿಯೋನಿದಾಸ್ ಇಲ್ಲಿಗೆ ಹೇಗೆ ಬರ್ತಾನೆ?" ಎಂದು ಒತೀಲಿಯಾ ಅವನನ್ನು ಕೇಳಿದಳು.

"ನನ್ನ ಹೇಸರಗತ್ತೆ ಮೇಲೆ, ದೋನ್ಯಾ. ಚಿಕ್ಕಂದಿನಲ್ಲೇ ಬಾರನ್ಕಿಯಾ ಬಂದರಿಗೆ ಹೋದವ್ನು, ವಾಪಸಾಗಿ ತಿಂಗಳಾಯ್ತು, ಒಂದ್ಸಲಾನೂ ತಂತಿ ಹತ್ತಿಲ್ಲ. ಹಡಗಿಗೆ ಹೆದರದವ್ನು ತೊಟ್ಟಿಲಿಗೆ ಹೆದರ್ತಾನೆ."

ನೆರೆಯವರನ್ನೆಲ್ಲ ಅಂಗಳದಲ್ಲಿ ಸೇರಿಸಿ, ಒತೀಲಿಯಾ ಒಂದು ಕುಂಬಳಕಾಯಿ ಹಿಡಿದು ತಂತಿ ಶುರುವಾಗುವ ದಿಬ್ಬದತ್ತ ಹೊರಟಳು. "ಲಿಯೋನಿದಾಸ್, ಆನ್ಸೆಲ್ಮೋ, ಎಲಾದಿಯೋ ಇದ್ದ ಕಡೆ ನೀವಿಬ್ರೂ ನಿಂತ್ಕೊಳ್ಳಿ. ನಿಮ್ಮ ನೆತ್ತಿ ಮೇಲೆ ಬಂದಾಗ ಬಿಡ್ತೀನಿ."

ತೊಟ್ಟಿಲು ಸುಯ್ಯೆಂದು ಬಂತು. ಕಾಯಿ ಅವಳ ಕೈಬಿಟ್ಟಿದ್ದೇ ತಡ, ಲಿಯೋನಿದಾಸ್ ತಲೆ ಮುಚ್ಚಿಕೊಂಡು ಗೋಡೆಯ ಮರೆಗೆ ಹಾರಿದ. ಆನ್ಸೆಲ್ಮೋ ಟೋಪಿಯನ್ನೂ ಸರಿಮಾಡಿಕೊಳ್ಳಲಿಲ್ಲ. ಕಾಯಿ ತೊಟ್ಟಿಲಿನ ಜೊತೆಜೊತೆಗೇ ಮುಂದೆ ಸಾಗುತ್ತ ಇಳಿದು, ಅಂಗಳ ದಾಟಿ, ಹೊಳೆಯ ಬಂಡೆಗೆ ಬಡಿದು ಚೂರಾಯಿತು.

ಒತೀಲಿಯಾ ಕಾಲುಸೇತುವೆಯಿಂದ ಮರಳಿ ಬಂದಳು. "ಕೆಳಗಿನ ಮನೆಗಳಿಗೆ ನಾವು ತಂತಿಯಿಂದಲೇ ರೊಟ್ಟಿಗಂಟು ಎಸೀತೀವಿ. ಮನೆ ಬರೋಕೆ ಮುಂಚೇನೇ ಕೈಬಿಡ್ಬೇಕು. ತೊಟ್ಟಿಲಿನ ಓಟ ಗಂಟಿಗೂ ಇರುತ್ತೆ. ನೆತ್ತಿ ಮೇಲೆ ಬಿಟ್ಟಿದ್ದು ಹೊಳೆಗೆ ಹೋಗುತ್ತೆ. ನೆಟ್ಟಗೆ ಇಳಿದದ್ದನ್ನ ನೀನು ಕಂಡಿಲ್ಲ, ಲಿಯೋನಿದಾಸ್. ಊಹಿಸಿದ್ದೀಯ."

"ಹಾಗಾದ್ರೆ ಮುಂಚೇನೇ ಬಿಟ್ಟಿರ್ಬೇಕು. ನಂಗೆ ಗೊತ್ತಾಗ್ಲಿಲ್ಲ."

"ಬಿಟ್ಟಿರ್ಲಿ. ಅಷ್ಟೆತ್ತರದಿಂದ ಬೀಳೋ ಕಲ್ಲು ಬರ್ತಾ ಬರ್ತಾ ವೇಗ ಕೂಡಿಸ್ಕೊಳ್ಳುತ್ತೆ. ಹಲಗೆ ಸೀಳಿ ನೆಲಕ್ಕೆ ಹೂತ್ಕೋಬೇಕಿತ್ತು. ಒಂದು ಹಲಗೆನೂ ಬಿರಿದಿಲ್ಲ ನೋಡು. ಈ ಕಲ್ಲು ಆಳೆತ್ತರದಿಂದ ಇಳಿದದ್ದು. ಇಲ್ಲಿದ್ದದ್ದು ನೀವಿಬ್ರೇ ಅಂತ ನೀನೇ ಅಂದೆ."

ಲಿಯೋನಿದಾಸ್ ಹಲಗೆಗಳನ್ನೇ ನೋಡುತ್ತ ನಿಂತ. "ಅಪ್ಪ ತೋಟಾನೆಲ್ಲ ಅವ್ನಿಗೇ ಕೊಟ್ಬಿಟ್ಟ," ಎಂದ.

ಆನ್ಸೆಲ್ಮೋ ಡೆಲ್ಫೀನಾಳ ಕೈಹಗ್ಗದ ಗಂಟು ಬಿಚ್ಚಿದ. ಅವಳ ರವಿಕೆ ಹಾಲಿನಿಂದ ಒದ್ದೆಯಾಗಿತ್ತು. ಅವಳು ನೆರೆಯವಳೊಬ್ಬಳ ಕೈಯಿಂದ ತನ್ನ ಮಗುವನ್ನು ಕಸಿದುಕೊಂಡು, ಎಲ್ಲರಿಗೂ ಬೆನ್ನುಮಾಡಿ ಕುಳಿತಳು.