ಅಜ್ಜ ಸುತ್ತಿದ ತಂತಿ

“ಚಿಕ್ಕಮ್ಮಾ, ಹೊಗೆ! ಇಳಿ, ಬೇಗ ಇಳಿ!”

ಬದುವಿನ ಮೇಲಿಂದ ಪಾನಾ ಕೂಗಿದಳು. ಚಿಕ್ಕಮ್ಮ ಟ್ರ್ಯಾಕ್ಟರ್ ನಿಲ್ಲಿಸಿದಳು. ಎಂಜಿನ್ ಆಫ್ ಮಾಡಿದಳು. ಬ್ರೇಕ್ ಹಾಕಿದಳು. ಆಮೇಲೆ ಹಾರಿದಳು. ಬಾನೆಟ್ ಕೆಳಗಿಂದ ಬೆಂಕಿ ಆಗಲೇ ನಾಲಿಗೆ ಚಾಚಿತ್ತು.

ಟ್ರ್ಯಾಕ್ಟರ್ ಅರ್ಧ ಗಂಟೆ ಉರಿಯಿತು. ಅಷ್ಟರಲ್ಲಿ ಅಕ್ಕಪಕ್ಕದ ಹೊಲಗಳಿಂದ ಇಪ್ಪತ್ತು ಜನ ಓಡಿ ಬಂದರು. ಮೂವರು ಬಕೆಟ್ ತಂದಿದ್ದರು. ಉಳಿದವರು ಬುದ್ಧಿಮಾತು ತಂದಿದ್ದರು. ಚಿಕ್ಕಮ್ಮ ಸಲಿಕೆ ಹಿಡಿದು ಮಣ್ಣು ಎರಚುತ್ತಲೇ ಇದ್ದಳು.

“ಹೆಂಗಸರ ಕೈಗೆ ಸ್ಟೇರಿಂಗ್ ಕೊಟ್ರೆ ಇನ್ನೇನಾಗುತ್ತೆ?” ಎಂದ ಹಾಲಿನವನು. ಅವನಿಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬರುತ್ತಿರಲಿಲ್ಲ.

“ಡೀಸೆಲ್ ವಾಸನೆ ಬಂತು. ಎಂಜಿನ್ನಲ್ಲೇ ಏನೋ ಆಗಿದೆ” ಎಂದಳು ಚಿಕ್ಕಮ್ಮ.

“ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ.”

ಮನೆಯಲ್ಲೂ ಅದೇ ತೀರ್ಮಾನವಾಯಿತು. ಉಳಿದ ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್ ತರುವುದು, ಚಿಕ್ಕಪ್ಪ ಓಡಿಸುವುದು, ಚಿಕ್ಕಮ್ಮ ಇನ್ನು ಆ ಸೀಟು ಹತ್ತುವ ಹಾಗಿಲ್ಲ. ಎರಡು ವರ್ಷ ಕಲಿತು ಲೈಸೆನ್ಸ್ ತೆಗೆದವಳು ಅವಳು. ಚಿಕ್ಕಪ್ಪನಿಗಿಂತ ನೇರವಾಗಿ ಉಳುತ್ತಿದ್ದಳು. ಅದನ್ನು ಚಿಕ್ಕಪ್ಪನೂ ಒಪ್ಪುತ್ತಿದ್ದ, ಬೇರೆ ಯಾರೂ ಇಲ್ಲದಾಗ.

ಎಲ್ಲದಕ್ಕೂ ಬಾಯಿ ಹಾಕುವ ಅಜ್ಜ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಯಾಕೆಂದು ಪಾನಾಗೆ ಗೊತ್ತಿತ್ತು.

ಅಜ್ಜ ರಿಪೇರಿಗೆ ಕೂತು ಕೈ ಚಾಚಿದರೆ ಸಾಕು, ನಟ್ಟು ಬಿಗಿಯುವ ಸರಿಯಾದ ಪಾನಾ ಎತ್ತಿ ಕೊಡುವವಳು ಅವಳೇ. ಅದಕ್ಕೇ ಅವಳಿಗೆ ಆ ಹೆಸರು. ಅಜ್ಜನ ಪ್ರಕಾರ ತಂತಿ ಸುತ್ತಿದರೆ ರಿಪೇರಿಯಾಗದ ವಸ್ತುವೇ ಲೋಕದಲ್ಲಿಲ್ಲ. ಬಕೆಟ್ಟಿನ ಹಿಡಿಗೆ ತಂತಿ. ಕೊಡೆಗೆ ತಂತಿ. ಅಜ್ಜನ ಕನ್ನಡಕಕ್ಕೂ ತಂತಿ. ಹಿಂದಿನ ಭಾನುವಾರ ಟ್ರ್ಯಾಕ್ಟರಿನ ಡೀಸೆಲ್ ಪೈಪು ಬಿರುಕು ಬಿಟ್ಟು ಹನಿಯುತ್ತಿತ್ತು. ಅಜ್ಜ ಅದಕ್ಕೆ ಹಳೇ ಸೈಕಲ್ ಟ್ಯೂಬ್ ಸುತ್ತಿ, ಮೇಲೆ ತಂತಿ ಬಿಗಿದಿದ್ದ. ಕಟಿಂಗ್ ಪ್ಲೇಯರ್ ಕೊಟ್ಟವಳು ಪಾನಾ.

“ಇನ್ನು ನೂರು ವರ್ಷ ಅಲ್ಲಾಡಲ್ಲ” ಎಂದಿದ್ದ ಅಜ್ಜ.

ನೂರು ವರ್ಷ ಬುಧವಾರಕ್ಕೇ ಮುಗಿಯಿತು.

“ನಿಮ್ ಚಿಕ್ಕಮ್ಮ ಟ್ರ್ಯಾಕ್ಟರ್ ಸುಟ್ಟಾಕಿದ್ರಂತೆ ಹೌದೇನೇ?” ಎಂದು ಕ್ಲಾಸಿನಲ್ಲಿ ಎಲ್ಲರೂ ಕೇಳಿದರು. ಅಲ್ಲ ಎನ್ನಲು ಪಾನಾ ಬಾಯಿ ತೆರೆದಳು. ಅಲ್ಲ ಎಂದರೆ ಮತ್ಯಾರು ಅಂತ ಕೇಳುತ್ತಾರೆ. ಬಾಯಿ ಮುಚ್ಚಿದಳು. ಅವಳಿಗೆ ಅಜ್ಜ ಎಂದರೆ ಪ್ರಾಣ. ಚಿಕ್ಕಮ್ಮನ ಮುಖ ನೋಡಿದರೆ ಊಟ ಸೇರುತ್ತಿರಲಿಲ್ಲ.

ಶನಿವಾರ ಮೆಕ್ಯಾನಿಕ್ ಬಂದ. ಕಪ್ಪಾದ ಎಂಜಿನ್ನಿನೊಳಗೆ ತಲೆ ತೂರಿಸಿದ. ತಲೆ ಹೊರಗೆ ಬಂದಾಗ ಕೈಯಲ್ಲಿ ಪೈಪಿತ್ತು. ಟ್ಯೂಬ್ ಸುಟ್ಟುಹೋಗಿತ್ತು, ತಂತಿ ಹಾಗೇ ಇತ್ತು.

“ಇಲ್ಲಿಂದ ಡೀಸೆಲ್ ಸೋರಿ ಬಿಸಿ ಸೈಲೆನ್ಸರ್ ಮೇಲೆ ಬಿದ್ದಿದೆ. ಯಾರು ಓಡಿಸಿದ್ರೂ ಹತ್ಕೊಳ್ತಿತ್ತು. ಈ ತಂತಿ ಯಾರ ಕೆಲಸ?”

ಚಿಕ್ಕಪ್ಪ ಹೆಂಡತಿಯತ್ತ ತಿರುಗಿದ. “ನೀನಾ?”

“ನಾನಲ್ಲ.”

“ಮತ್ಯಾರು?”

ಅಜ್ಜ ಮೋಡ ನೋಡತೊಡಗಿದ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಪಾನಾಗೆ ಅಳು ಒತ್ತಿ ಬಂತು. “ಪ್ಲೇಯರ್ ಕೊಟ್ಟಿದ್ದು ನಾನು!”

“ಅವಳು ಬರೀ ಕೊಟ್ಟಿದ್ದು” ಎಂದ ಅಜ್ಜ ಮೆಲ್ಲಗೆ. “ಕಟ್ಟಿದ್ದು ನಾನು. ತಪ್ಪು ನಂದು ಕಣಮ್ಮ.”

“ಗೊತ್ತು ಮಾವ” ಎಂದಳು ಚಿಕ್ಕಮ್ಮ. “ಬೆಂಕಿ ಆರಿದಾಗ್ಲೇ ತಂತಿ ನೋಡ್ದೆ.”

“ನೋಡಿದ್ಯಾ? ಮತ್ತೆ ಹೇಳ್ಬಾರ್ದಿತ್ತಾ?” ಎಂದ ಅಜ್ಜ.

“ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ.”

ಅವಳು ಹೇಳಿದ್ದು ಅಜ್ಜನಿಗೆ. ಪಾನಾಳ ಕಿವಿಯೂ ಬಿಸಿಯಾಯಿತು. ಈ ಮೂರು ದಿನವೂ ಬೆಳಿಗ್ಗೆ ಅವಳಿಗೆ ಜಡೆ ಹಾಕಿದ್ದು ಚಿಕ್ಕಮ್ಮನೇ. ಒಂದು ಮಾತೂ ಕೇಳಿರಲಿಲ್ಲ. ರಿಬ್ಬನ್ ಕಟ್ಟಿ ಮುಗಿದ ಮೇಲೂ ಎದ್ದು ಹೋಗದೆ, ಸ್ವಲ್ಪ ಹೊತ್ತು ಅವಳ ಹಿಂದೆ ಹಾಗೇ ಕೂತಿರುತ್ತಿದ್ದಳು.