ಅವಳ ಹೆಸರಲ್ಲಿ ಅವನ ಎಣಿಕೆ

"ಪೆನ್ಸಿಲ್ ಕೆಳಗಿಡು!"

ಅವಳ ದನಿಗೆ ಅವನು ಬೆಚ್ಚಿಬಿದ್ದ. ಕೂತಿದ್ದದ್ದು ಅವಳ ಕುರ್ಚಿಯಲ್ಲಿ, ಕಣ್ಣಿಟ್ಟಿದ್ದದ್ದು ಅವಳ ಸೂಕ್ಷ್ಮದರ್ಶಕಕ್ಕೆ. ಎದುರಿಗೆ ತೆರೆದಿದ್ದದ್ದು ಅವಳ ಎಣಿಕೆ ಪುಸ್ತಕ. ಬೆರಳ ಸಂದಿಯಲ್ಲಿ ರಬ್ಬರು ಬೇರೆ!

ಊಟದ ಬಿಡುವು. ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ಪರ್ಸ್ ಮರೆತು ಅರ್ಧ ದಾರಿಯಿಂದ ವಾಪಸ್ಸು ಬಂದವಳು ಇಂಥದ್ದನ್ನು ನೋಡಬೇಕಾದೀತೆಂದು ಕನಸಲ್ಲೂ ನೆನೆಸಿರಲಿಲ್ಲ.

ಅವರ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಬಾರ್ಲಿ ಬೀಜಗಳಿಗೆ ವಿಕಿರಣ ಹಾಯಿಸಿ ಮೊಳಕೆ ಬರಿಸುವುದು. ಬೇರಿನ ತುದಿಗೆ ಬಣ್ಣ ಕೊಟ್ಟು ಗಾಜಿನ ಸ್ಲೈಡ್ ಮೇಲೆ ಒತ್ತಿ ಹರಡುವುದು. ಆಮೇಲೆ ಒಂದೊಂದೇ ಜೀವಕೋಶದೊಳಗೆ ಇಣುಕಿ, ವರ್ಣತಂತುಗಳು ಎಲ್ಲೆಲ್ಲಿ ತುಂಡಾಗಿವೆ ಎಂದು ಎಣಿಸುವುದು. ಪ್ರತಿ ಸ್ಲೈಡನ್ನೂ ಇಬ್ಬರು ಎಣಿಸಬೇಕು, ಒಬ್ಬರದ್ದನ್ನು ಇನ್ನೊಬ್ಬರು ನೋಡಕೂಡದು. ತಿಂಗಳ ಕೊನೆಗೆ ಎರಡೂ ತಾಳೆಯಾದರೆ ಮಾತ್ರ ಅದು ನಿಜ.

ಎರಡು ವರ್ಷದಿಂದ ಆ ಇಬ್ಬರು ಇವರೇ. ಒಂದೇ ಮೇಜಿನ ಎರಡು ತುದಿ. ಒಂದು ಮಾತಾಡಿದರೆ ಹತ್ತು ಮಾತು ನುಂಗಿಕೊಂಡ ಮಹಾ ಸಂಕೋಚದ ಜೋಡಿ! ಪ್ರೀತಿ ಇತ್ತೇ? ಇತ್ತು, ಬೇಕಾದಷ್ಟಿತ್ತು. ಹೇಳುವ ಧೈರ್ಯ ಮಾತ್ರ ಇಬ್ಬರಲ್ಲೂ ಇರಲಿಲ್ಲ.

ಅವಳು ಪುಸ್ತಕ ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

"ಹದಿನೇಳನೇ ಸ್ಲೈಡಿಗೆ ನಾಲ್ಕು ಬರೆದಿದ್ದೆ. ಒಂಬತ್ತು ಹೇಗಾಯ್ತು? ನಿನ್ನ ಎಣಿಕೆಗೆ ಹೊಂದಲಿ ಅಂತ ತಿದ್ದಿದ್ಯಾ? ವರದಿ ಚಂದ ಕಾಣ್ಲಿ ಅಂತಾನಾ? ಥೂ!"

"ಹಾಗಲ್ಲ..."

"ಮತ್ತೆ ಹೇಗೆ? ಬಾಯಿಗೆ ಬೀಗ ಬಿತ್ತಾ?"

ಅವನು ತಲೆ ತಗ್ಗಿಸಿದ.

"ನಿನಗೆ... ಸರಿಯಾಗಿ ಕಾಣಿಸ್ತಿಲ್ಲ. ಏಳು ತಿಂಗಳಿಂದ ಸಣ್ಣ ಚೂರುಗಳನ್ನೆಲ್ಲ ಬಿಟ್ಬಿಡ್ತಿದೀಯ. ನಿನಗೆ ಗೊತ್ತಿದೆ, ಯಾರಿಗೂ ಹೇಳೋಕೆ ಭಯ, ಅನ್ಕೊಂಡೆ. ಈ ಕೆಲಸ ಕಿತ್ಕೊಂಡ್ರೆ ನೀನು ಬದುಕಲ್ಲ ಅನ್ನಿಸ್ತು. ಅದಕ್ಕೇ..."

ಅವಳು ಪುಸ್ತಕ ಕೆಳಗಿಳಿಸಿದಳು.

ಅವಳಿಗೆ ಗೊತ್ತಿರಲಿಲ್ಲ!

ನೋಟದ ನಡುವೆ ಮಬ್ಬು ಮಬ್ಬು ಕಲೆಯೊಂದು ಬರುತ್ತಿತ್ತು, ನಿಜ. ಮಸೂರ ಕೊಳೆಯಾಗಿದೆ ಎಂದು ದಿನಕ್ಕೆ ನಾಲ್ಕು ಸಲ ಒರೆಸುತ್ತಿದ್ದಳು. ತಿಂಗಳ ಕೊನೆಗೆ ಎಣಿಕೆಗಳು ತಾಳೆಯಾದಾಗ, 'ನೋಡು, ಕಣ್ಣಿಗೇನೂ ಆಗಿಲ್ಲ, ಸುಮ್ಮನೆ ಹೆದರ್ತೀಯ' ಎಂದು ತನಗೆ ತಾನೇ ಬೈದುಕೊಳ್ಳುತ್ತಿದ್ದಳು. ಆ ಧೈರ್ಯದಲ್ಲೇ ಡಾಕ್ಟರ ಬಳಿ ಹೋಗುವುದನ್ನು ಮುಂದೂಡುತ್ತ ಬಂದಿದ್ದಳು. ಆ ಧೈರ್ಯವನ್ನೆಲ್ಲ ಇವನು ಅವಳ ಅಂಕಿಗಳನ್ನು ರಬ್ಬರಿನಿಂದ ಅಳಿಸಿ, ತನ್ನವನ್ನು ಪೆನ್ಸಿಲಿನಿಂದ ಬರೆದು ಕೊಟ್ಟಿದ್ದ.

"ನನ್ನ ಕಣ್ಣಿಗೇ ಮಣ್ಣೆರಚಿಬಿಟ್ಯಲ್ಲೋ! ಇನ್ನು ಮುಖ ತೋರಿಸ್ಬೇಡ ನನಗೆ..."

ಅವನು ಎದ್ದು ಹೋದ. ತಡೆಯಲಿಲ್ಲ ಅವಳು.

ಮರುದಿನ ಬೆಳಿಗ್ಗೆಯೇ ಕಣ್ಣಾಸ್ಪತ್ರೆಗೆ ಹೋದಳು, ಅಕ್ಕ ಜೊತೆಗೆ ಬಂದಳು. ಕಣ್ಣಿನ ಡಾಕ್ಟರು ಬಹಳ ಹೊತ್ತು ಪರೀಕ್ಷಿಸಿ ದೀಪ ಆರಿಸಿದರು.

"ಹುಟ್ಟಿನಿಂದಲೇ ಬಂದ ದೋಷ ಇದು, ಈಗ ತಲೆ ಎತ್ತಿದೆ. ಅಂಚಿನ ನೋಟ ಉಳಿಯುತ್ತೆ. ಆದ್ರೆ ನಡುವಿನ ನೋಟ... ಓದೋದು, ಮುಖ ಗುರುತು ಹಿಡಿಯೋದು... ಅದು ಹೋಗುತ್ತಮ್ಮ."

"ಏಳು ತಿಂಗಳು ಮೊದಲೇ ಬಂದಿದ್ರೆ?"

"ಆಗ ಬಂದಿದ್ರೂ ಇಷ್ಟೇ. ಇದಕ್ಕೆ ಮದ್ದಿಲ್ಲ."

ಮೆಟ್ಟಿಲ ಮೇಲೆ ಅಕ್ಕ ಅವಳಿಗಿಂತ ಜೋರಾಗಿ ಅತ್ತಳು. ಸಮಾಧಾನ ಮಾಡುವ ಕೆಲಸವೂ ಇವಳ ತಲೆಗೇ ಬಂತು.

ಅಲ್ಲಿಂದ ನೇರ ಪ್ರಯೋಗಾಲಯದ ಮುಖ್ಯಸ್ಥೆಯ ಕೋಣೆಗೆ ಹೋದಳು. ಅವನ ಹೆಸರು ಹೇಳಲೋ ಬೇಡವೋ ಎಂದು ದಾರಿಯುದ್ದಕ್ಕೂ ಒದ್ದಾಡಿದ್ದಳು. ಹೇಳಿದರೆ ಅವನ ಬಾಳು ಹಾಳು, ಹೇಳದಿದ್ದರೆ ಸುಳ್ಳು ಎಣಿಕೆ ತನ್ನ ಹೆಸರಲ್ಲೇ ಉಳಿಯುತ್ತದೆ.

"ಮೇಡಂ, ಏಳು ತಿಂಗಳ ನನ್ನ ಎಣಿಕೆ ಎಲ್ಲಾ ತೆಗೆದುಹಾಕಿ. ನನಗೆ ಕಾಣಿಸ್ತಿಲ್ಲ. ಅದು... ನಾನು ಎಣಿಸಿದ್ದಲ್ಲ."

ಮುಖ್ಯಸ್ಥೆ ಮೇಜಿನ ಮೇಲಿದ್ದ ಕಾಗದವನ್ನು ಮುಟ್ಟಿದರು.

"ಗೊತ್ತು. ಅವನೇ ಬರೆದುಕೊಟ್ಟಿದಾನೆ. ಅವನ ಎಣಿಕೆ ತಪ್ಪಿರಲಿಲ್ಲ ಕಣಮ್ಮ. ಆದ್ರೆ ಒಬ್ಬನೇ ಎರಡು ಸಲ ಹೇಳಿದ್ರೆ ಅದು ಇಬ್ಬರ ಸಾಕ್ಷಿ ಆಗುತ್ತಾ? ಮುನ್ನೂರು ಸ್ಲೈಡ್ ಮತ್ತೆ ಎಣಿಸ್ಬೇಕು, ಬೇರೆಯವರು. ತಿಂಗಳ ಕೊನೆಗೆ ಅವನು ಹೊರಡ್ತಾನೆ."

ಅವಳನ್ನು ಬೀಜದ ಕೋಣೆಗೆ ಹಾಕಿದರು. ಬೀಜ ನೆನೆಸುವುದು, ತಟ್ಟೆಗಳಲ್ಲಿ ಜೋಡಿಸುವುದು, ನೀರು ಬದಲಿಸುವುದು. ವಿಕಿರಣ ಹೆಚ್ಚು ತಾಗಿದ ಬೀಜಗಳು ಉಗುರಿನಷ್ಟು ಬೇರು ಬಿಟ್ಟು ಅಲ್ಲಿಗೇ ನಿಂತುಬಿಡುತ್ತಿದ್ದವು. ಅವನ್ನು ಬೆರಳಿಂದ ಸವರಿ ಬೇರೆ ಇಡುವಾಗ ಅವಳಿಗೆ ಎಲ್ಲವೂ ಸಾಕೆನಿಸುತ್ತಿತ್ತು. ಇಪ್ಪತ್ತೊಂಬತ್ತಕ್ಕೇ ಬದುಕು ಮುಗಿಯಿತೇ? ಬೆಳಿಗ್ಗೆ ಕಣ್ಣು ತೆರೆಯಲೇ ಭಯ. ನಿನ್ನೆ ಕಂಡದ್ದು ಇಂದು ಕಾಣದಿದ್ದರೆ! ಎಲ್ಲಕ್ಕಿಂತ ಹೆಚ್ಚಾಗಿ, ಅವನ ಮೇಲೆ ಸಿಟ್ಟು ಉಳಿಸಿಕೊಳ್ಳಲೂ ಆಗುತ್ತಿಲ್ಲವಲ್ಲ ಎಂಬ ಸಂಕಟ.

ಅವನ ಕೊನೆಯ ದಿನ, ಮಧ್ಯಾಹ್ನ ಮೂರಕ್ಕೆ, ಬಾಗಿಲಲ್ಲಿ ಯಾರೋ ನಿಂತರು. ಸ್ಲೈಡಿಗೆ ಬಳಸುವ ಆಮ್ಲದ ಹುಳಿ ವಾಸನೆ ಬಂತು.

"ಬೈಯೋದಿದ್ರೆ ಬೈದುಬಿಡು. ಒಂದು ಕೇಳಿ ಹೋಗ್ತೀನಿ," ಎಂದ ಅವನು. "ನನ್ನಿಂದ ಹಾಳಾಯ್ತಲ್ಲ, ಆ ಏಳು ತಿಂಗಳು... ಮೊದಲೇ ಡಾಕ್ಟರ ಹತ್ರ ಹೋಗಿದ್ರೆ ನಿನ್ನ ಕಣ್ಣು ಉಳೀತಿತ್ತಾ?"

'ಹೌದು' ಎಂದುಬಿಡಲೇ? ಜೀವನಪೂರ್ತಿ ನರಳಲಿ! ಆ ಮಾತು ನಾಲಿಗೆ ತುದಿಗೆ ಬಂದು ನಿಂತಿತು...

"ಇಲ್ಲ. ಆಗ ಹೋಗಿದ್ರೂ ಇಷ್ಟೇ ಅಂದ್ರು."

ಅವನು ಬೀಜದ ಚೀಲದ ಮೇಲೆ ಕುಸಿದು ಕೂತ. ಗಂಡಸೊಬ್ಬ ಹಾಗೆ ಬಿಕ್ಕಿ ಬಿಕ್ಕಿ ಅತ್ತದ್ದನ್ನು ಅವಳು ಕೇಳಿಯೇ ಇರಲಿಲ್ಲ.

"ಆದ್ರೂ ಅದು ನನ್ನ ಏಳು ತಿಂಗಳು ಕಣೋ. ಗೊತ್ತಿದ್ದಿದ್ರೆ, ಕೊನೇದಾಗಿ ಏನು ನೋಡ್ಬೇಕು ಅಂತ ನಾನೇ ಆರಿಸ್ಕೋತಿದ್ದೆ."

"ಏನು ನೋಡ್ತಿದ್ದೆ?"

"ನಿನ್ನ ಮುಖ, ದಡ್ಡ! ಎರಡು ವರ್ಷ ಎದುರಿಗೇ ಇತ್ತು. ನಾನು ಬಾರ್ಲಿ ಬೇರು ನೋಡ್ತಾ ಕೂತೆ..."

ಅವನು ತೋಳಿನಿಂದ ಮುಖ ಒರೆಸಿಕೊಂಡ.

"ಈಗ ಕಾಣಲ್ವಾ?" ಅವನು ಮೆಲ್ಲಗೆ ಕೇಳಿದ.

"ನೇರ ನೋಡಿದ್ರೆ ಮಬ್ಬು. ಕಿವಿ ಮಾತ್ರ ಚೆನ್ನಾಗಿ ಕಾಣುತ್ತೆ."

ಅಳುವಿನ ನಡುವೆಯೂ ಅವನಿಗೆ ನಗು ಬಂತು. ಎದ್ದು ಹತ್ತಿರ ಬಂದ.

"ನನ್ನ ಮದುವೆ ಆಗ್ತೀಯಾ?"

"ಕನಿಕರಕ್ಕಾ?"

ಅವನು ಅವಳೆದುರಿನ ಬೀಜದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಸ್ವಲ್ಪ ಅದೂ ಇದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಭಯಾನೂ ಇದೆ, ಕೈಯಲ್ಲಿ ಕೆಲಸ ಬೇರೆ ಇಲ್ಲ. ಆದ್ರೆ ನಿನ್ನ ಮೇಲೆ ಪ್ರೀತಿ ಬಂದಾಗ ನಿನ್ನ ಕಣ್ಣು ಚೆನ್ನಾಗೇ ಇತ್ತು."

ಬೇರೆ ಯಾರಾದರೂ 'ಛೇ, ಕನಿಕರ ಎಲ್ಲಿಂದ ಬಂತು' ಎಂದಿರುತ್ತಿದ್ದರು. ಆಗ ಅವಳು ಖಂಡಿತ ಬಾಗಿಲು ತೋರಿಸುತ್ತಿದ್ದಳು.

"ಈಗ ನಾನು ಹೇಗೆ ಕಾಣ್ತಿದೀನಿ? ನಿಜ ಹೇಳು."

"ಮೂಗು ಕೆಂಪಾಗಿದೆ. ಕೂದಲಲ್ಲಿ ಬಾರ್ಲಿ ಹೊಟ್ಟು ಅಂಟಿದೆ. ಇವತ್ತು... ಅಷ್ಟೇನೂ ಚೆನ್ನಾಗಿಲ್ಲ."

ಅವಳು ನಕ್ಕಳು. ನಗುತ್ತಲೇ ಅತ್ತಳು. ಒದ್ದೆ ಕೈಗಳಲ್ಲಿ ಅವನ ಮುಖ ಹಿಡಿದು, ತನ್ನ ತಲೆಯನ್ನು ತುಸು ಓರೆ ಮಾಡಿದಳು. ಅಂಚಿನಲ್ಲಿ ಒಂದು ಹುಬ್ಬು, ಅರ್ಧ ತುಟಿ ಕಂಡಿತು.

"ಅಲ್ಲಾಡ್ಬೇಡ. ಕಾಣೋವಷ್ಟು ದಿನ ನೋಡ್ಕೋತೀನಿ."

"ಆಮೇಲೆ?"

"ಆಮೇಲೆ ನಿನ್ನ ಮುಖ ಹೇಗಿದೆ ಅಂತ ನೀನೇ ಹೇಳು... ಮುದುಕ ಆದಾಗ್ಲೂ, ಇದ್ದದ್ದು ಇದ್ದ ಹಾಗೆ."